ಉತಾರವೂ ಗಣಕಯಂತ್ರವೂ

ಗೋಕಾವಿ, ಹುಕ್ಕೇರಿ ಸೀಮೆಯ ರೈತನಿಗೆ ಉತಾರವೆಂದರೆ ಹೊಲದ ಜಾತಕವಿದ್ದಂತೆ. 2000ದ ಸುಮಾರಿಗೆ ಕರ್ನಾಟಕ ಸರಕಾರವು ‘ಭೂಮಿ’ ಯೋಜನೆಯಿಂದ ಈ ಜಾತಕವನ್ನು ಗಣಕಯಂತ್ರಕ್ಕೆ ಏರಿಸಿತು. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು! ಅಲ್ಲಿಯವರೆಗೆ ಅವು ಸುಮಾರು 9,000 ತಲಾಠಿಗಳ ದಫ್ತರದಲ್ಲಿದ್ದವು. ತಾಲೂಕು ಕಚೇರಿಯಲ್ಲಿ 15 ರೂಪಾಯಿಗೆ ಅಚ್ಚಿನ ಉತಾರವು ದೊರೆಯತೊಡಗಿತು. ಕೈಬರಹದ್ದಕ್ಕೆ ಮಾನ್ಯತೆ ಉಳಿಯಲಿಲ್ಲ.

ರೈತನಿಗೆ ಅನುಕೂಲವಾಯಿತು, ನಿಜ. ಆದರೆ ತಲಾಠಿಯ ಪಾಡೇನು? ನಮ್ಮೂರಲ್ಲಿ ನೆಲೆಸಿರುವ ನಿವೃತ್ತ ತಲಾಠಿಯೊಬ್ಬರನ್ನು ಕೇಳಿದೆ.

“ತಮ್ಮಾ, ಇಪ್ಪತ್ತು ವರ್ಷ ಬರದ ಕೈ ಇದು. ಕೀಲಿಮಣಿ ಮುಂದ ಕುಂತ್ರ ನಡಗತಿತ್ತು. ಕಲಸಾವ್ರು ಮಗನ ವಯಸ್ಸಿನ ಹುಡುಗರು. ಅವರ ಮುಂದ ತಿಳಿವಲ್ದು ಅಂತ ಹೆಂಗ ಹೇಳ್ಲಿ?”

ಅವರ ಅಂಜಿಕೆಯನ್ನು ಬಿಡಿಸಿದ್ದು ತರಬೇತಿಯ ಪುಸ್ತಕವಲ್ಲ. ಅಚ್ಚಾಗಿ ಬಂದ ಹಾಳೆಗಳನ್ನು ಹಳೆಯ ವಹಿಯೊಡನೆ ತಾಳೆ ನೋಡುವಾಗ ಒಬ್ಬ ಹುಡುಗನು, “ಕಾಕಾ, ಈ ಹಿಸ್ಸಾ ಯಾರದ್ರಿ?” ಎಂದು ಕೇಳಿದನಂತೆ. ಯಾವ ಸರ್ವೇ ನಂಬರಿನಲ್ಲಿ ಅಣ್ಣತಮ್ಮಂದಿರ ಪಾಲು ಹೇಗೆ ಒಡೆಯಿತೆಂಬುದು ಇವರಿಗೆ ಬಾಯಿಪಾಠ. ಇವರು ಹಿಸ್ಸಾ ಹೇಳಿದರು, ಅವನು ಕೀಲಿ ತೋರಿಸಿದನು. ಹದಿನೈದು ದಿನಗಳಲ್ಲಿ ಕೈ ನಡುಕ ನಿಂತಿತು.

ಹೊಸದನ್ನು ಕಲಿಸುವವರು ಎದುರಿನವನಿಗೆ ಗೊತ್ತಿರುವುದನ್ನು ಮೊದಲು ಕೇಳಬೇಕೆಂದು ನನಗೆ ಅಂದೇ ಅನಿಸಿತು. (ನಮ್ಮ ಅಧ್ಯಾಪಕರು ಕ್ಷಮಿಸಬೇಕು!) ಇನ್ನು ಕಿಟಕಿಯ ಈಚೆ ನಿಂತವನಿಗೆ ಕಲಿಸುವವರಾರು? ಮೂಡಲಗಿಯು ತಾಲೂಕಾಯಿತು, ಉತಾರವು ಮೊಬೈಲಿಗೂ ಬಂದಿತು. ನಮ್ಮಪ್ಪನಾದರೋ ಇಂದಿಗೂ ಹಾಳೆಯನ್ನು ನನ್ನ ಕೈಗೆ ಕೊಟ್ಟು, “ನನ್ನ ಹೆಸರು ಎಲ್ಲೈತಿ, ಬಟ್ಟಿಟ್ಟು ತೋರ್ಸು” ಎನ್ನುತ್ತಾನೆ.