ಗಡಿಯಾರದ ಎಣ್ಣೆಯ ಲೆಕ್ಕ

ಮೂರು ದಿನ ಎಡೆಬಿಡದೆ ಸುರಿದ ಶ್ರಾವಣದ ಮಳೆ ತುಸು ಹೊಳವಾಗಿದ್ದ ಒಂದು ಮಧ್ಯಾಹ್ನ, ಮುರ್ಡೇಶ್ವರದ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ನಾನು ಓದಿದ ಅಂದಾಜುಪಟ್ಟಿಯೊಂದು, ಮೂವತ್ತು ವರ್ಷಕ್ಕೂ ಮಿಕ್ಕಿ ಮಕ್ಕಳಿಗೆ ಲಾಭನಷ್ಟದ ಲೆಕ್ಕವನ್ನು ಕಲಿಸಿದ ಈ ನಿವೃತ್ತ ಮಾಸ್ತರನಿಗೆ ತಾನು ಆ ಲೆಕ್ಕವನ್ನು ಎಂದೂ ಕಲಿತಿರಲಿಲ್ಲವೆಂಬುದನ್ನು ತಿಳಿಸಿಕೊಟ್ಟಿತು. ಕೈಗಡಿಯಾರದ ಪೂರ್ಣ ಸರ್ವಿಸಿಗೆ 34,000 ರೂಪಾಯಿ. ತುಕ್ಕು ಹಿಡಿದ ಬಿಡಿಭಾಗಗಳನ್ನೂ ಕೀ ತಿರುಪನ್ನೂ ಬದಲಿಸಲು 10,500. ಹೊಸ ಡಯಲ್ ಮತ್ತು ಮುಳ್ಳುಗಳಿಗೆ 9,500. ಹೊರಮೈಯ ಪಾಲಿಶಿಗೆ 4,000. ಇವೆಲ್ಲದರ ಮೇಲೆ ಶೇಕಡಾ 18ರ ಜಿಎಸ್‌ಟಿ 10,440. ಒಟ್ಟು 68,440 ರೂಪಾಯಿ. ನನ್ನ ಒಂದೂವರೆ ತಿಂಗಳ ಪಿಂಚಣಿಯನ್ನು ನುಂಗಬಲ್ಲ ಈ ಮೊತ್ತವನ್ನು ಕೇಳುತ್ತಿದ್ದುದು, ನಾನು ಒಂದು ಕಾಸನ್ನೂ ಕೊಡದೆ ಪಡೆದಿದ್ದ ವಸ್ತು.

ಆ ಗಡಿಯಾರ ನನ್ನ ಸೋದರಮಾವನದು. ನಮ್ಮ ಭಟ್ಕಳ ಸೀಮೆಯ ಅಸಂಖ್ಯ ಮನೆಗಳ ಗಂಡಸರು ಅರಬ್ಬೀ ಸಮುದ್ರದ ಆಚೆಯ ದಡವನ್ನೇ ಜೀವನೋಪಾಯಕ್ಕೆ ಆಶ್ರಯಿಸಿದ್ದ ಕಾಲದಲ್ಲಿ ದುಬೈಗೆ ಹೋದವರಲ್ಲಿ ಮಾವನೂ ಒಬ್ಬರು. 1978ರಲ್ಲಿ ಅವರು ಅಲ್ಲಿ ಕೊಂಡ ಸ್ವಿಸ್ ಆಟೊಮ್ಯಾಟಿಕ್ ಗಡಿಯಾರವು, ಕೊಂಕಣ ರೈಲು ಇನ್ನೂ ಹುಟ್ಟಿರದ ಆ ದಿನಗಳಲ್ಲಿ, ಮುಂಬಯಿಯಿಂದ ಬಸ್ಸಿನಲ್ಲಿ ಧೂಳು ಕುಡಿದು ಬಂದಿಳಿಯುತ್ತಿದ್ದ ಅವರ ಮಣಿಕಟ್ಟಿನಲ್ಲಿ ಹೊಳೆಯುವುದನ್ನು ಕಾಣುವುದೇ ನಮಗೆ ಹಬ್ಬವಾಗಿದ್ದಿತು. 1994ರಲ್ಲಿ, ಕೆಲಸವನ್ನು ಬಿಟ್ಟು ಊರು ಸೇರಿದಾಗ, ಅದನ್ನು ಕೆಂಪು ಪೆಟ್ಟಿಗೆಯ ಸಮೇತ ನನ್ನ ಕೈಯಲ್ಲಿಟ್ಟು, "ಜೋಪಾನ ಮಾಡು ತಮ್ಮಾ" ಎಂದರು. ನಾನು ಜೋಪಾನವೆಂದರೆ ಕಪಾಟಿನಲ್ಲಿಟ್ಟು ಬೀಗ ಹಾಕುವುದೆಂದೂ, ಮದುವೆ ಮುಂಜಿಗಳಲ್ಲಿ ಮಾತ್ರ ಹೊರತೆಗೆದು ಕಟ್ಟಿಕೊಳ್ಳುವುದೆಂದೂ ತಿಳಿದೆನು. ಮೂವತ್ತೊಂದು ವರ್ಷ ಹಾಗೆಯೇ ನಡೆಯಿತು.

ಅನರ್ಥವಾದುದು 2025ರ ಮಾರ್ಚ್ ಒಂದನೆಯ ತಾರೀಖು. ಫೆಬ್ರುವರಿಗೆ ಇಪ್ಪತ್ತೆಂಟೇ ದಿನವೆಂಬುದನ್ನು ಇಂಥ ಗಡಿಯಾರ ಅರಿಯದು. ಹಬ್ಬಕ್ಕೆಂದು ಕಟ್ಟಿಕೊಂಡಿದ್ದ ಅದು ಆ ದಿನ ಬೆಳಿಗ್ಗೆ 29 ಎಂದು ತೋರಿಸುತ್ತಿರಲು, ಕೀ ತಿರುಪನ್ನು ಹೊರಕ್ಕೆಳೆದು ತಾರೀಖನ್ನು ಸರಿಪಡಿಸಿದ ನಾನು, ಅದನ್ನು ಮರಳಿ ಒಳಕ್ಕೊತ್ತುವುದನ್ನು ಮರೆತು, ಶಿವರಾತ್ರಿಗೆಂದು ಬಂದು ಉಳಿದಿದ್ದ ತಂಗಿಯ ಮೊಮ್ಮಕ್ಕಳನ್ನು ಕರೆದುಕೊಂಡು ನಮ್ಮೂರ ಕಂದುಕಗಿರಿಯ ಬಡಗಣ ಕಡಲ ಮರಳಿಗೆ ಹೋದೆನು. ಮೊಣಕಾಲಮಟ್ಟದ ನೀರಿನಲ್ಲಿ ಮಗುವೊಂದು ಎಡವಿತು. ಹಿಡಿಯಲು ಬಾಗಿದ ನನ್ನ ಕೈಯನ್ನು ತೆರೆ ಮುಳುಗಿಸಿತು. ಹಿಂಬದಿಯ ಮುಚ್ಚಳದಲ್ಲಿ 30 ಮೀಟರು ಎಂದು ಕೆತ್ತಿದ್ದುದರಿಂದ ಮೂವತ್ತು ಮೀಟರು ಆಳದವರೆಗೆ ನಿರ್ಭಯವೆಂದು ನಾನು ನಂಬಿದ್ದೆನು. ಆ ಅಂಕಿಯು ಪರೀಕ್ಷಾಲಯದ ನಿಶ್ಚಲವಾದ ಒತ್ತಡವನ್ನು ಹೇಳುತ್ತದೆಯೇ ಹೊರತು ಸಮುದ್ರಸ್ನಾನಕ್ಕೆ ಅನುಮತಿಯಲ್ಲವೆಂದೂ, ಅದು ಸತ್ಯವಾಗಿರುವುದು ಒಳಗಿನ ರಬ್ಬರ್ ರಿಂಗುಗಳು ಹೊಸದಾಗಿರುವವರೆಗೆ ಮತ್ತು ಕೀ ತಿರುಪು ಬಿಗಿಯಾಗಿ ಕುಳಿತಿರುವವರೆಗೆ ಮಾತ್ರವೆಂದೂ ಆಮೇಲೆ ತಿಳಿಯಿತು.

ಗಾಜಿನೊಳಗೆ ಮಂಜು ಕವಿದುದನ್ನು ಕಂಡು, ಎಲ್ಲರೂ ಮಾಡುವ ಮೊದಲ ತಪ್ಪನ್ನು ನಾನೂ ಮಾಡಿದೆನು: ಗಡಿಯಾರವನ್ನು ಅಕ್ಕಿಯ ಡಬ್ಬಿಯಲ್ಲಿ ಹೂತಿಟ್ಟೆನು. ಅಕ್ಕಿ ತೇವವನ್ನಷ್ಟು ಹೀರಬಹುದು, ಉಪ್ಪನ್ನು ಹೀರದು. ನೀರು ಆರಿದಷ್ಟೂ ಉಪ್ಪು ಉಕ್ಕಿನ ಮೇಲೆ ಬಲವಾಗಿ ಕೂರುವುದು. ಎರಡನೆಯ ತಪ್ಪು ಲೋಭದ್ದು. ಸಮೀಪದ ಪೇಟೆಯ ಅಂಗಡಿಯೊಂದರಲ್ಲಿ ಒಂಬೈನೂರು ರೂಪಾಯಿಗೆ ಸರಿಮಾಡಿಕೊಡುವೆವೆಂದರು. ಸಂಜೆಯೊಳಗೆ ಓಡುವಂತೆ ಮಾಡಿಯೂ ಕೊಟ್ಟರು. ಮೂರನೆಯ ವಾರ ಅದು ಹತ್ತೂ ಇಪ್ಪತ್ತಕ್ಕೆ ನಿಂತಿತು, ಮತ್ತೆ ಅಲುಗಾಡಲಿಲ್ಲ. ಅಲ್ಪವ್ಯಯದ ಆ ದುರಸ್ತಿಯಲ್ಲಿ ನಾನು ಕಳೆದುಕೊಂಡುದು ಒಂಬೈನೂರು ರೂಪಾಯಿಯಲ್ಲ, ತುಕ್ಕು ಬೆಳೆಯಲು ಅದಕ್ಕೆ ಉಚಿತವಾಗಿ ಕೊಟ್ಟ ಮೂರು ವಾರ.

ಕಡೆಗೆ ಭಟ್ಕಳದ ಪೇಟೆಯಲ್ಲಿ ಐವತ್ತು ವರ್ಷಗಳಿಂದ ವಾಚು ರಿಪೇರಿ ಮಾಡುತ್ತಿರುವ ವೃದ್ಧರೊಬ್ಬರ ಬಳಿಗೆ ಹೋದೆನು. ಇವರು ನನ್ನ ತಂದೆಯ ಎಚ್‌ಎಂಟಿ ಜನತಾ ಗಡಿಯಾರವನ್ನು ಇಂದಿಗೂ ಕೆಲವು ನೂರು ರೂಪಾಯಿಗಳಲ್ಲಿ ನಡೆಯಿಸಿಕೊಡುವವರು. ಬಿಳಿಯ ಕಾಗದವನ್ನು ಹಾಸಿ, ಕಣ್ಣಿಗೆ ಕಪ್ಪು ಕೊಳವೆಯ ಭೂತಗನ್ನಡಿಯನ್ನು ಸಿಕ್ಕಿಸಿಕೊಂಡು, ಹಿಂಬದಿಯ ಮುಚ್ಚಳವನ್ನು ತಿರುಗಿಸಿ ತೆಗೆದು, ಬಹಳ ಹೊತ್ತು ಮಾತಿಲ್ಲದೆ ನೋಡಿದ ಅವರು, ಆ ಭೂತಗನ್ನಡಿಯನ್ನು ನನ್ನ ಕಣ್ಣಿಗೆ ಹಿಡಿದರು. ಸಾಸಿವೆಯ ಕಾಳಿಗಿಂತ ಚಿಕ್ಕವಾದ ತಿರುಪುಗಳ ತಲೆಯ ಮೇಲೆ ಕುಂಕುಮವುದುರಿದಂತೆ ಕೆಂಪು. ಅದರಾಚೆ ಮಾಣಿಕ್ಯದ ಹರಳುಗಳ ಸುತ್ತ ಅಂಟುಕಟ್ಟಿದ ಕಪ್ಪು ಕೊಳೆ. "ಕೆಂಪಿದ್ದದ್ದು ಸಮುದ್ರದ್ದು, ಮಾಸ್ತರ್ರೇ. ಕಪ್ಪಿದ್ದದ್ದು ನಿಮ್ಮದು" ಎಂದರು.

ಆ ಮಾತಿನ ಅರ್ಥವನ್ನು ಅವರು ಬಿಡಿಸಿ ಹೇಳಿದರು. ಈ ಜಾತಿಯ ಯಂತ್ರದ ಬ್ಯಾಲೆನ್ಸ್ ಚಕ್ರವು ಸೆಕೆಂಡಿಗೆ 8 ಬಾರಿ, ಗಂಟೆಗೆ 28,800 ಬಾರಿ, ನಿಲ್ಲದೆ ನಡೆದರೆ ವರ್ಷಕ್ಕೆ 25 ಕೋಟಿಗೂ ಮಿಕ್ಕಿ ಮಿಡಿಯುತ್ತದೆ. ಅದರ ಕೀಲುಗಳಲ್ಲಿ ಸೂಜಿಮೊನೆಯಷ್ಟು ಎಣ್ಣೆಯಿರುತ್ತದೆ. ಕಟ್ಟಿಕೊಂಡರೂ ಕಪಾಟಿನಲ್ಲಿಟ್ಟರೂ ಆ ಎಣ್ಣೆ ಕಾಲಕ್ರಮದಲ್ಲಿ ಒಣಗಿ ಅಂಟಾಗುತ್ತದೆ. ಆಮೇಲೆ ಉಕ್ಕಿನ ಕೀಲುಗಳು ಸವೆಯುತ್ತವೆ. ಆದುದರಿಂದಲೇ ಒಮೆಗಾದಂಥ ತಯಾರಕರು ಐದರಿಂದ ಎಂಟು ವರ್ಷಗಳಿಗೊಮ್ಮೆಯೂ ರೋಲೆಕ್ಸಿನವರು ಸುಮಾರು ಹತ್ತು ವರ್ಷಗಳಿಗೊಮ್ಮೆಯೂ ಪೂರ್ಣ ಸರ್ವಿಸ್ ಮಾಡಿಸಬೇಕೆಂದು ಸೂಚಿಸುವುದು. "ಬಿಚ್ಚಿ ತೊಳೆಯುವುದು ನನಗೆ ಬರುತ್ತದೆ. ಆದರೆ ತುಕ್ಕು ತಿಂದ ಭಾಗಕ್ಕೆ ಬದಲು ಬೇಕು. ಈ ಕಂಪನಿಯವರು ಬಿಡಿಭಾಗ ನಮ್ಮಂಥವರಿಗೆ ಮಾರುವುದಿಲ್ಲ. ಬೆಂಗಳೂರಿಗೇ ಒಯ್ಯಿರಿ" ಎಂದು ಹೇಳಿ, ನೋಡಿದ್ದಕ್ಕೆ ಹಣವನ್ನು ತೆಗೆದುಕೊಳ್ಳದೆ ಮುಚ್ಚಳವನ್ನು ಹಾಕಿಕೊಟ್ಟರು.

ಹಿಂದಿರುಗುವ ಬಸ್ಸಿನಲ್ಲಿ ನನ್ನ ಮನಸ್ಸನ್ನು ಆವರಿಸಿದ್ದುದು ಒಂದು ವಿಚಿತ್ರವಾದ ವಿಪರ್ಯಾಸ. ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್‌ಎಂಟಿ ಗಡಿಯಾರದ ಉದ್ಯಮವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆಯನ್ನಿತ್ತಿತು. ಆದರೂ ತಂದೆಯ ಗಡಿಯಾರಕ್ಕೆ ಬೇಕಾದ ಚಕ್ರವೋ ಸ್ಪ್ರಿಂಗೋ ಭಟ್ಕಳದ ಆ ಮುದುಕರ ತಗಡಿನ ಡಬ್ಬಿಯಲ್ಲಿ ಇಂದಿಗೂ ದೊರಕುತ್ತದೆ. ಮಾವನ ಗಡಿಯಾರವನ್ನು ಹೆತ್ತ ಕಾರ್ಖಾನೆಯಾದರೋ ಜೀವಂತವಾಗಿದೆ, ವೈಭವದಿಂದಿದೆ. ಅದರ ಭಾಗ ಮಾತ್ರ ಊರಿನವನ ಕೈಗೆ ಎಟುಕದು. ಬೆಲೆಬಾಳುವ ವಸ್ತುವನ್ನು ಕೊಳ್ಳುವಾಗ ಅಂಗಡಿಯವನ ರಸೀದಿಯನ್ನು ನೋಡುವ ನಾವು, ಅದು ಕೆಟ್ಟ ದಿನ ಎಷ್ಟು ಬಾಗಿಲುಗಳು ನಮಗೆ ತೆರೆದಿರುವುವೆಂಬುದನ್ನು ಕೇಳುವುದೇ ಇಲ್ಲ. ಒಂದೇ ಬಾಗಿಲಿರುವಲ್ಲಿ ಬೆಲೆಯನ್ನು ಹೇಳುವವನು ಬಾಗಿಲು ಕಾಯುವವನೇ.

ಕೊರಿಯರಿನವರು ಇಂಥ ವಸ್ತುವಿನ ಪೂರ್ಣ ಬೆಲೆಗೆ ಹೊಣೆಯಾಗಲೊಪ್ಪದ ಕಾರಣ, ಈಗ ಮುರ್ಡೇಶ್ವರದಿಂದಲೇ ಹೊರಡುವ ಬೆಂಗಳೂರು ರೈಲಿನಲ್ಲಿ ನಾನೇ ಅದನ್ನು ಒಯ್ದು ಸರ್ವಿಸ್ ಕೇಂದ್ರಕ್ಕೆ ಕೊಟ್ಟು ಬಂದೆನು. ಬಂದುದು ಮೊದಲು ಹೇಳಿದ ಪಟ್ಟಿ. ಅದಕ್ಕೆ ಒಪ್ಪಿಗೆ ಬರೆಯುವ ಮೊದಲು ನಾನು ಎರಡು ಕೆಲಸಗಳನ್ನು ಮಾಡಿದೆನು. ಇವು ವಾಚಕರಿಗೆ ಉಪಯೋಗಕ್ಕೆ ಬಂದಾವು. ಮೊದಲನೆಯದು, ಹಳೆಯ ಗಡಿಯಾರಗಳನ್ನು ಕೊಳ್ಳುವ ಬೆಂಗಳೂರಿನ ವ್ಯಾಪಾರಿಯೊಬ್ಬರಲ್ಲಿ ಬೆಲೆಯನ್ನು ವಿಚಾರಿಸಿದುದು. ಸರಿಯಾಗಿ ಓಡಿದರೆ ಅರುವತ್ತು ಸಾವಿರ ಬರಬಹುದೆಂದ ಅವರು, ಡಯಲನ್ನೂ ಮುಳ್ಳುಗಳನ್ನೂ ಬದಲಿಸಿದರೆ, ಪಾಲಿಶ್ ಹಾಕಿ ಅಂಚುಗಳನ್ನು ಸವೆಯಿಸಿದರೆ, ಹಳೆಯ ಗಡಿಯಾರದ ಬೆಲೆ ಇಳಿಯುವುದೇ ಹೊರತು ಏರದೆಂದೂ ತಿಳಿಸಿದರು. ಎರಡನೆಯದು, ಪಟ್ಟಿಯ ಆ ಎರಡು ಬಾಬುಗಳು ಬೇಡವೆಂದೂ, ತೆಗೆದ ಹಳೆಯ ಭಾಗಗಳನ್ನು ಸಾಧ್ಯವಾದಲ್ಲಿ ಹಿಂದಿರುಗಿಸಬೇಕೆಂದೂ, ಮಾಡಿದ ಕೆಲಸಕ್ಕೆ ಎಷ್ಟು ಕಾಲದ ಖಾತರಿಯೆಂಬುದನ್ನು ಬಿಲ್ಲಿನಲ್ಲಿ ಕಾಣಿಸಬೇಕೆಂದೂ ಬರಹದಲ್ಲಿ ಕೇಳಿದುದು. ಡಯಲಿನ ಮೇಲೆ ಮೂಡಿದ್ದ ಕಂದು ಛಾಯೆಯನ್ನು ಅವರು ದೋಷವೆಂದು ಕರೆದಿದ್ದರು. ನನಗೆ ಅದು ಮಾವನ ವಯಸ್ಸು. ಪಟ್ಟಿ 44,500ಕ್ಕೆ ಇಳಿಯಿತು. ತೆರಿಗೆ ಸೇರಿ 52,510.

ಅರುವತ್ತು ಸಾವಿರ ಬಾಳುವ ವಸ್ತುವಿಗೆ ಐವತ್ತೆರಡು ಸಾವಿರದ ದುರಸ್ತಿ! ಅಂಕಗಣಿತವನ್ನು ಕೇಳಿದರೆ ಮಾಡಿಸಬೇಡವೆನ್ನುತ್ತದೆ. ಸಮಯವನ್ನರಿಯಲೆಂಬ ನೆಪವೂ ಇಲ್ಲಿ ಸಲ್ಲದು. ಸೆಕೆಂಡಿಗೆ 32,768 ಬಾರಿ ಕಂಪಿಸುವ ಹರಳನ್ನೊಳಗೊಂಡ ಸಾಧಾರಣ ಕ್ವಾರ್ಟ್ಜ್ ಗಡಿಯಾರವೊಂದು ಇದಕ್ಕಿಂತ ನಿಖರವಾಗಿ ಹೊತ್ತನ್ನು ತೋರಿಸುವುದು. ಸ್ವಿಸ್ ಗಡಿಯಾರವೆಂದರೆ ಹೂಡಿಕೆಯೆಂದು ಹೇಳುವವರ ಮಾತು ಕೆಲವೇ ಮಾದರಿಗಳಿಗೆ ಅನ್ವಯಿಸುವುದು, ಮಾವನದು ಅವುಗಳಲ್ಲೊಂದಲ್ಲ. ಹೀಗಿದ್ದರೂ ನಾನು ಹಣವನ್ನು ಕೊಟ್ಟೆನು. ಆದರೆ ಮನೆಯ ಲೆಕ್ಕದ ಪುಸ್ತಕದಲ್ಲಿ ಅದನ್ನು ಆಸ್ತಿಯ ಪುಟದಲ್ಲಿ ಬರೆಯದೆ ಖರ್ಚಿನ ಪುಟದಲ್ಲಿ ಬರೆದೆನು. ಮಮತೆಗಾಗಿ ವ್ಯಯಮಾಡುವುದು ತಪ್ಪಲ್ಲ. ಆ ವ್ಯಯಕ್ಕೆ ಹೂಡಿಕೆಯೆಂಬ ಹೆಸರನ್ನಿಟ್ಟು ತನ್ನನ್ನೇ ವಂಚಿಸಿಕೊಳ್ಳುವುದು ತಪ್ಪು.

ಏಳು ವಾರಗಳ ಬಳಿಕ ಗಡಿಯಾರ ಮನೆಗೆ ಬಂದಿತು. ಅದನ್ನು ಕೆಂಪು ಪೆಟ್ಟಿಗೆಯಲ್ಲಿಡಲು ಹೋದಾಗ, ಒಳಗಿನ ಮೆತ್ತೆ ಸಡಿಲವಾಗಿದ್ದುದನ್ನು ಕಂಡು ಎತ್ತಿದರೆ, ಅಡಿಯಲ್ಲಿ ನಾಲ್ಕು ಮಡಿಕೆಯಾಗಿ ಮಡಿಚಿದ ಎರಡು ರಸೀದಿಗಳಿದ್ದವು. ದುಬೈಯ ಅಂಗಡಿಯವು, ಒಂದು 1983ರದು, ಇನ್ನೊಂದು 1989ರದು, ಎರಡೂ ಸರ್ವಿಸಿಗೆ ದಿರ್ಹಮಿನಲ್ಲಿ ಕೊಟ್ಟ ಹಣದ್ದು. ಐದಾರು ವರ್ಷಕ್ಕೊಮ್ಮೆ, ಊರಿಗೆ ಕಳುಹಿಸುವ ಹಣದಲ್ಲಿ ಒಂದು ಪೈಸೆಯನ್ನೂ ಕಡಿಮೆ ಮಾಡದೆ, ಮಾವ ಅದಕ್ಕೆ ಎಣ್ಣೆ ಹಾಕಿಸುತ್ತಿದ್ದರು. ಮೂವತ್ತೊಂದು ವರ್ಷ ಆ ಕಾಗದಗಳು ನನ್ನ ಕಪಾಟಿನಲ್ಲಿಯೇ ಇದ್ದವು. ಜೋಪಾನವೆಂಬ ಅವರ ಮಾತಿನ ಅರ್ಥ ಅಲ್ಲಿ ಮಡಿಚಿಟ್ಟಿದ್ದಿತು. ನಾನು ಮೆತ್ತೆಯನ್ನು ಎತ್ತಿರಲಿಲ್ಲ.

ಹಿಂದಿನವರು ದೇವಾಲಯಕ್ಕೆ ನಂದಾದೀಪವನ್ನು ಕೊಟ್ಟರೆ, ದೀಪವನ್ನಷ್ಟೇ ಕೊಟ್ಟು ಕೈತೊಳೆದುಕೊಳ್ಳುತ್ತಿರಲಿಲ್ಲ. ಅದರ ಎಣ್ಣೆಗೆಂದು ಇಂತಿಷ್ಟು ಭೂಮಿಯನ್ನೋ ಹಣವನ್ನೋ ದತ್ತಿಯಾಗಿ ಬಿಟ್ಟು, ಅದನ್ನು ಕಲ್ಲಿನಲ್ಲಿ ಕೆತ್ತಿಸಿ ಹೋಗುತ್ತಿದ್ದರು. ನಾವು ಇಂದು ಮಕ್ಕಳಿಗೆ ಮನೆಯನ್ನು, ಕಾರನ್ನು, ಗಡಿಯಾರವನ್ನು ಬಿಡುತ್ತೇವೆ. ಎಣ್ಣೆಯ ದತ್ತಿಯನ್ನು ಬಿಡುವುದಿಲ್ಲ. ಉಪ್ಪುಗಾಳಿಗೆ ಕಿಟಕಿಯ ಸರಳೇ ವರ್ಷವೊಂದರಲ್ಲಿ ಹೊಪ್ಪಳಿಕೆಯೇಳುವ ಈ ಕಡಲತೀರದಲ್ಲಿ ಬಾಳುವವರಿಗೆ ಇದನ್ನು ಮತ್ತೊಬ್ಬರು ಹೇಳಬೇಕಾಗಿರಲಿಲ್ಲ.

ಲೆಕ್ಕ ಸರಳವಾದುದು. 52,510ನ್ನು ಆರು ವರ್ಷಕ್ಕೆ, ಅಂದರೆ 72 ತಿಂಗಳಿಗೆ, ಹಂಚಿದರೆ ತಿಂಗಳಿಗೆ ಸುಮಾರು 730 ರೂಪಾಯಿ. ಇದೇ ಈ ಗಡಿಯಾರವನ್ನು ಕಟ್ಟಿಕೊಳ್ಳುವುದಕ್ಕೆ ನಾನು ಕೊಡುತ್ತಿರುವ ನಿಜವಾದ ಬಾಡಿಗೆ. ಇದನ್ನು ಕೊಡಲಾರದವನು ಅದನ್ನು ಮಾರುವುದೇ ಮರ್ಯಾದೆ. ನಾನು ಅಂಚೆ ಕಚೇರಿಗೆ ಹೋಗಿ ತಿಂಗಳಿಗೆ 800 ರೂಪಾಯಿಯ ಐದು ವರ್ಷದ ಆರ್‌ಡಿ ಖಾತೆಯನ್ನು ತೆರೆದೆನು. ಶೇಕಡಾ 6.7ರ ಬಡ್ಡಿಯಲ್ಲಿ, ಕಟ್ಟಿದ 48,000 ಅವಧಿಯ ಕೊನೆಗೆ ಸುಮಾರು 57,000 ಆಗುವುದು. ಅಷ್ಟರೊಳಗೆ ಬೆಲೆ ತುಸು ಏರಿದರೂ ಮುಂದಿನ ಸರ್ವಿಸಿನ ಬಹುಪಾಲು ಅಲ್ಲಿಯೇ ಇರುವುದು.

ಆ ಪಾಸ್‌ಬುಕ್ಕು ಈಗ ಕೆಂಪು ಪೆಟ್ಟಿಗೆಯಲ್ಲಿದೆ. ಎರಡು ರಸೀದಿಗಳ ಜತೆಗೆ ನನ್ನ ಬೆಂಗಳೂರಿನ ಬಿಲ್ಲನ್ನೂ ಇಟ್ಟಿದ್ದೇನೆ; ಮೂರನ್ನೂ ಮೆತ್ತೆಯ ಕೆಳಗಲ್ಲ, ಮೇಲೆ. ದೀಪಾವಳಿಗೆ ಬಂದಿದ್ದ ಮಗಳು ಪೆಟ್ಟಿಗೆಯನ್ನು ತೆರೆದು, "ಅಪ್ಪಾ, ವಾಚಿನ ಕೂಡೆ ಈ ಪಾಸ್‌ಬುಕ್ ಯಾಕೆ?" ಎಂದು ಕೇಳಿದಳು. "ಎರಡೂ ಒಂದೇ ವಸ್ತು ಮಗಾ. ಬೇರೆ ಬೇರೆ ಮಾಡಬೇಡ" ಎಂದೆನು.