ಪಾವಿನ ಲೆಕ್ಕ, ಕಿಲೋದ ಲೆಕ್ಕ

ಅಡುಗೆಮನೆಯ ಹಳೆಯ ಲೆಕ್ಕಗಳೆಲ್ಲ ಸೇರು, ಪಾವು, ಕುಡ್ತೆಗಳಲ್ಲಿ. ಅಂಗಡಿಯ ಲೆಕ್ಕ ಕಿಲೋದಲ್ಲಿ. ಮನೆ ಖರ್ಚಿಗಾದರೆ ಕೈಯಂದಾಜು ಸಾಕು. ಆದರೆ ಉಪ್ಪಿನಕಾಯಿ, ಜೇನು, ತೆಂಗಿನೆಣ್ಣೆ ಮಾರುವವರಿಗೆ ಅಷ್ಟು ಸಾಲದು.

ಮೆಟ್ರಿಕ್ ತೂಕ-ಅಳತೆಯ ಕಾನೂನು ಬಂದದ್ದು 1956ರಲ್ಲಿ. ಆದರೂ ಸೇರು ನಮ್ಮ ಬಾಯಿಂದ ಹೋಗಿಲ್ಲ. ತೊಡಕೇನೆಂದರೆ, ಸೇರು ತೂಕವೂ ಹೌದು, ಅಳೆಯುವ ಪಾತ್ರೆಯೂ ಹೌದು. ಊರಿಂದೂರಿಗೆ ಬೇರೆ. ಹಾಗಾಗಿ ‘ಸೇರಿಗೆ ಎಷ್ಟು ಗ್ರಾಂ’ ಅಂತ ಕೇಳಿದರೆ ಒಂದೇ ಉತ್ತರ ಇಲ್ಲ. ನಮ್ಮ ಪಾತ್ರೆಯ ಲೆಕ್ಕ ನಾವೇ ಮಾಡಿಕೊಳ್ಳಬೇಕು.

ಮಾಡುವ ಕ್ರಮ

1. ಖಾಲಿ ಪಾವನ್ನು ತೂಗಿ ಬರೆದಿಡಿ.

2. ಕಂಠಮಟ್ಟ ನೀರು ತುಂಬಿ ತೂಗಿ. ಪಾತ್ರೆಯ ತೂಕ ಕಳೆಯಿರಿ. ನೀರು ಎಷ್ಟು ಗ್ರಾಂ ಇದೆಯೋ ಪಾತ್ರೆ ಅಷ್ಟು ಮಿಲಿಲೀಟರ್.

3. ಪಾತ್ರೆ ಒರೆಸಿ ಒಣಗಿಸಿ. ಸಾಮಾನು ತುಂಬಿ, ಮೇಲೆ ಕಡ್ಡಿ ಎಳೆದು ಮಟ್ಟ ಮಾಡಿ ತೂಗಿ. ಪಾತ್ರೆಯ ತೂಕ ಕಳೆಯಿರಿ. ಮೂರು ಸಲ ತೂಗಿ ಸರಾಸರಿ ತೆಗೆಯಿರಿ.

4. ಸಾಮಾನಿನ ತೂಕವನ್ನು ನೀರಿನ ತೂಕದಿಂದ ಭಾಗಿಸಿ. ಬಂದದ್ದು ಒಂದು ಲೀಟರ್ ಸಾಮಾನಿನ ಕಿಲೋ ತೂಕ.

ಉಪ್ಪಿನ ಲೆಕ್ಕ

ಮಾವಿನ ಮಿಡಿಗೆ ಹರಳುಪ್ಪು ಹಾಕುವವರೂ ಇದ್ದಾರೆ, ಪುಡಿಯುಪ್ಪು ಹಾಕುವವರೂ ಇದ್ದಾರೆ. ಹರಳಿನ ನಡುವೆ ಗಾಳಿಗೆ ಜಾಗ ಇರ್ತದೆ. ಪುಡಿ ಒತ್ತೊತ್ತಾಗಿ ಕೂರ್ತದೆ. 250 ಮಿಲಿ ಹಿಡಿಯುವ ಪಾವಿನಲ್ಲಿ ಹರಳುಪ್ಪು 250 ಗ್ರಾಂ, ಪುಡಿಯುಪ್ಪು 300 ಗ್ರಾಂ ಬಂತು ಅಂತ ಇಟ್ಟುಕೊಳ್ಳಿ. ನಾಲ್ಕು ಪಾವು ಹರಳುಪ್ಪಿನ ಬದಲಿಗೆ ನಾಲ್ಕು ಪಾವು ಪುಡಿ ಹಾಕಿದರೆ 200 ಗ್ರಾಂ ಹೆಚ್ಚಾಯಿತು. ಬಾಯಿಗಿಡಲಿಕ್ಕಾಗದಷ್ಟು ಉಪ್ಪು! ಪುಡಿಯ ಲೆಕ್ಕಕ್ಕೆ ಹರಳು ಹಾಕಿದರೆ ಉಪ್ಪು ಸಾಲದೆ ಮಿಡಿ ಮೆತ್ತಗಾಗಿ ಭರಣಿಯೇ ಕೆಡಬಹುದು. ಸಾಸಿವೆಗೂ ಇದೇ ಮಾತು. ಇಡೀ ಸಾಸಿವೆ ಅಳೆದು ಪುಡಿ ಮಾಡುವುದೋ, ಪುಡಿಯನ್ನೇ ಅಳೆಯುವುದೋ ಬರೆದಿಡಿ. ಹಿಟ್ಟನ್ನು ಒತ್ತಿ ತುಂಬಿದರೆ ತೂಕ ಏರ್ತದೆ.

ಜೇನು ಮತ್ತು ಎಣ್ಣೆ

ಒಂದು ಲೀಟರ್ ಜೇನು ಸುಮಾರು 1 ಕಿಲೋ 400 ಗ್ರಾಂ ತೂಗುತ್ತದೆ. ಕಿಲೋಗೆ 300 ರೂಪಾಯಿ ಅಂತ ಹಿಡಿಯುವ. ಆ ದರಕ್ಕೆ ಲೀಟರ್ ಬಾಟಲಿ ತುಂಬಿ ಕೊಟ್ಟರೆ 120 ರೂಪಾಯಿಯ ಜೇನು ಪುಕ್ಕಟೆ ಹೋಯಿತು. 750 ಮಿಲಿ ಬಾಟಲಿಯಲ್ಲೇ ಒಂದು ಕಿಲೋಕ್ಕಿಂತ ತುಸು ಹೆಚ್ಚು ಜೇನು ಹಿಡಿಯುತ್ತದೆ.

ತೆಂಗಿನೆಣ್ಣೆ ಇದಕ್ಕೆ ತದ್ವಿರುದ್ಧ. ಲೀಟರಿಗೆ ಸುಮಾರು 920 ಗ್ರಾಂ. ಕಿಲೋ ಕ್ರಯ ತೆಗೆದುಕೊಂಡು ಲೀಟರ್ ಕೊಟ್ಟರೆ ಕೊಂಡವರಿಗೆ 80 ಗ್ರಾಂ ಕಡಿಮೆ. ಜೇನಿನಲ್ಲಿ ನಷ್ಟ ನಮ್ಮದು, ಎಣ್ಣೆಯಲ್ಲಿ ಗಿರಾಕಿಯದ್ದು. ಗಿರಾಕಿಗೆ ಒಮ್ಮೆ ಇದು ಗೊತ್ತಾದರೆ ಮತ್ತೆ ನಂಬಿಕೆ ಗಳಿಸುವುದು ಕಷ್ಟ.

ಪ್ಯಾಕ್ ಮಾಡಿ ಮಾರುವಾಗ 2011ರ ನಿಯಮದಂತೆ ನಿವ್ವಳ ಪ್ರಮಾಣ ಬರೆಯಲೇಬೇಕು. ನಿವ್ವಳ ಅಂದರೆ ಬಾಟಲಿ, ಮುಚ್ಚಳದ ತೂಕ ಬಿಟ್ಟು ಉಳಿದದ್ದು.

ನಿಮ್ಮ ಪಾವಿನ ಪಟ್ಟಿಯನ್ನು ರಟ್ಟಿನ ಮೇಲೆ ಬರೆದು ಅಡುಗೆಮನೆಯಲ್ಲಿ ತೂಗುಹಾಕಿ. ಹೊಸ ಮೂಟೆ ಉಪ್ಪು ತಂದಾಗ ಇನ್ನೊಮ್ಮೆ ತೂಗಿ ನೋಡಿ. ಹತ್ತು ನಿಮಿಷದ ಕೆಲಸ, ಒಂದು ಭರಣಿ ಮಿಡಿ ಉಳಿದೀತು.