ಕಡಲಿನ ಅತಿ ದೊಡ್ಡ ಮೀನು: ತಿಮಿಂಗಿಲ ಶಾರ್ಕ್

ನೆಲವನ್ನು ನಂಬಿ ಬಾಳುವ ಒಕ್ಕಲು ಮಕ್ಕಳಿಗೆ ಕಡಲಿನ ಮೀನೊಂದರ ಪಾಠವೇಕೆಂದು ವಾಚಕ ಮಹಾಶಯರು ಕೇಳಬಹುದು. ಕರಾವಳಿಯ ತೆಂಗಿನ ತೋಟಗಳಿಗೆ ಮೀನುಗೊಬ್ಬರವು ಬಹುಕಾಲದಿಂದ ಸಲ್ಲುತ್ತ ಬಂದಿದೆ. ಗಿಡಗಳಿಗೆ ಹತ್ತುವ ಹೇನುಗಳ ನಾಶಕ್ಕಾಗಿ ಮೀನೆಣ್ಣೆಯ ಸಾಬೂನಿನ ನೀರನ್ನು ಸಿಂಪಡಿಸುವುದೂ ಹಳೆಯ ರೂಢಿಯೇ. ಕಡಲ ಉತ್ಪನ್ನವೂ ಒಂದು ಬೆಳೆಯೇ ಸರಿ. ಯಾವ ಬೆಳೆಯನ್ನು ವರ್ಷವರ್ಷವೂ ಕೊಯ್ಯಬಹುದು, ಯಾವುದನ್ನು ಕೊಯ್ದರೆ ಬೇಗನೆ ಮರಳಿ ಬಾರದು ಎಂಬ ವಿವೇಚನೆಯು ಹೊಲಕ್ಕೆ ಎಷ್ಟು ಅವಶ್ಯವೋ ಕಡಲಿಗೂ ಅಷ್ಟೇ ಅವಶ್ಯವಾಗಿರುತ್ತದೆ. ಇದಕ್ಕೆ ತಿಮಿಂಗಿಲ ಶಾರ್ಕ್ ಎಂಬ ಮೀನಿಗಿಂತ ಉತ್ತಮವಾದ ನಿದರ್ಶನವು ದೊರೆಯುವುದು ಕಷ್ಟ.

ಆಕಾರ ಮತ್ತು ಗುರುತು:— ಹೆಸರಿನಲ್ಲಿ ತಿಮಿಂಗಿಲವಿದ್ದರೂ ಇದು ತಿಮಿಂಗಿಲವಲ್ಲ. ತಿಮಿಂಗಿಲವು ಶ್ವಾಸಕೋಶದಿಂದ ಉಸಿರಾಡಿ ಮರಿಗೆ ಹಾಲೂಡಿಸುವ ಪ್ರಾಣಿ. ಇದಾದರೋ ಕಿವಿರುಗಳಿಂದ ಉಸಿರಾಡುವ ಮೀನು. ಬಾಲವು ನೆಟ್ಟಗೆ ನಿಂತು ಎಡಬಲಕ್ಕೆ ಆಡುತ್ತದೆ. ಇದರ ಅಸ್ಥಿಪಂಜರವು ಗಟ್ಟಿ ಎಲುಬಿನದಲ್ಲ, ನಮ್ಮ ಕಿವಿಯ ಹಾಲೆಯಲ್ಲಿರುವಂಥ ಮೆದು ಎಲುಬಿನದು. 1828 ರಲ್ಲಿ ದಕ್ಷಿಣ ಆಫ್ರಿಕದ ಟೇಬಲ್ ಕೊಲ್ಲಿಯಲ್ಲಿ ಈಟಿಗೆ ಸಿಕ್ಕಿದ ಒಂದು ಮೀನನ್ನು ಪರೀಕ್ಷಿಸಿ ಆಂಡ್ರ್ಯೂ ಸ್ಮಿತ್ ಎಂಬ ವೈದ್ಯನು ಈ ಜಾತಿಯನ್ನು ಮೊದಲು ವರ್ಣಿಸಿದನು. ಅಳೆದು ದಾಖಲಿಸಿದವುಗಳಲ್ಲಿ ಅತಿ ದೊಡ್ಡದು 2001 ರಲ್ಲಿ ಅರಬ್ಬೀ ಸಮುದ್ರದಲ್ಲಿ ದೊರೆತದ್ದು. ಅದರ ಉದ್ದ 18.8 ಮೀಟರು, ಎಂದರೆ 61 ಅಡಿಗೂ ಮೇಲ್ಪಟ್ಟು. ಇಂದಿನ ಕಡಲುಗಳಲ್ಲಿ ಇದಕ್ಕಿಂತ ದೊಡ್ಡ ಮೀನು ಮತ್ತೊಂದಿಲ್ಲ.

ಬೂದುಬಣ್ಣದ ಬೆನ್ನ ಮೇಲೆ ಬಿಳಿಯ ಚುಕ್ಕೆಗಳೂ ಗೆರೆಗಳೂ ಇರುತ್ತವೆ. ಒಂದರ ಚುಕ್ಕೆಗಳ ವಿನ್ಯಾಸವು ಮತ್ತೊಂದಕ್ಕೆ ಹೋಲದು. ನಾವು ಎತ್ತು ಕೊಳ್ಳುವಾಗ ಸುಳಿ ನೋಡುವಂತೆ, ಶಾಸ್ತ್ರಜ್ಞರು ಈ ಚುಕ್ಕೆಗಳಿಂದಲೇ ಒಂದೊಂದು ಮೀನನ್ನೂ ಬೇರೆಬೇರೆಯಾಗಿ ಗುರುತಿಸುತ್ತಾರೆ.

ಆಹಾರ:— ಇದರ ಬಾಯಿಯಲ್ಲಿ ಸಾವಿರಾರು ಹಲ್ಲುಗಳಿದ್ದರೂ ಅವು ಅತಿ ಸಣ್ಣವು, ಕಡಿಯುವುದಕ್ಕೆ ಉಪಯೋಗಿಸುವುದಿಲ್ಲ. ಮೀನು ನಾಲ್ಕು ಅಡಿಗಳಷ್ಟು ಅಗಲವಾಗಬಲ್ಲ ಬಾಯನ್ನು ತೆರೆದು ನೀರನ್ನು ಒಳಕ್ಕೆ ತೆಗೆದುಕೊಂಡು ಕಿವಿರುಗಳ ಮೂಲಕ ಹೊರಕ್ಕೆ ಬಿಡುತ್ತದೆ. ಜರಡಿಯಲ್ಲಿ ಕಾಳು ಉಳಿದು ಧೂಳು ಇಳಿಯುವಂತೆ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು, ಸಿಗಡಿಯ ಮರಿಗಳು, ಮೀನಿನ ಮೊಟ್ಟೆಗಳು, ಕಿರುಮೀನುಗಳು ಒಳಗೆ ಉಳಿಯುತ್ತವೆ. ಮನುಷ್ಯನನ್ನು ಇದು ಬೇಟೆಯಾಡುವುದಿಲ್ಲ. ಆದುದರಿಂದ ಶಾರ್ಕ್ ಎಂಬ ಹೆಸರು ಕೇಳಿ ಅಂಜತಕ್ಕದ್ದಿಲ್ಲ.

ಸಂತಾನ:— 1953 ರಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ಇದರ ಮೊಟ್ಟೆಯೊಂದು ದೊರೆತುದರಿಂದ ಈ ಮೀನು ಮೊಟ್ಟೆಯಿಡುವುದೆಂದು ಹಲವರು ಎಣಿಸಿದ್ದರು. 1995 ರಲ್ಲಿ ತೈವಾನಿನಲ್ಲಿ ಹಿಡಿಯಲ್ಪಟ್ಟ ಹೆಣ್ಣಿನ ಬಸಿರಿನಲ್ಲಿ ಸುಮಾರು 300 ಮರಿಗಳಿದ್ದುದು ಕಂಡುಬಂದು, ಮೊಟ್ಟೆಗಳು ತಾಯಿಯ ಒಡಲಲ್ಲೇ ಒಡೆದು ಮರಿಗಳು ಜನಿಸುವುವೆಂದು ಸ್ಥಿರಪಟ್ಟಿತು. ಹುಟ್ಟುವಾಗ ಮರಿಯು ಎರಡು ಅಡಿಯ ಆಸುಪಾಸಿನದು. ಅಲ್ಲಿಂದ ಬೆಳೆದು ತಾನೂ ಮರಿಹಾಕುವ ಪ್ರಾಯಕ್ಕೆ ಬರಲು ಇಪ್ಪತ್ತೈದು ಮೂವತ್ತು ವರ್ಷಗಳು ಬೇಕೆಂದು ಅಂದಾಜು. ಮರದ ಕಾಂಡದ ಉಂಗುರಗಳಂತೆ ಇದರ ಬೆನ್ನೆಲುಬಿನಲ್ಲಿಯೂ ಉಂಗುರಗಳಿರುತ್ತವೆ. ಅವನ್ನು ಪರೀಕ್ಷಿಸಿ ಒಂದು ಮೀನಿಗೆ 50 ವರ್ಷಗಳಾಗಿದ್ದುವೆಂದು 2020 ರಲ್ಲಿ ಪ್ರಕಟಿಸಲಾಯಿತು.

ಇಲ್ಲಿಯೇ ಮುಖ್ಯ ಪಾಠವಿರುವುದು. ಬೂತಾಯಿ ಮೀನನ್ನು ರಾಗಿಗೆ ಹೋಲಿಸಿದರೆ ತಿಮಿಂಗಿಲ ಶಾರ್ಕನ್ನು ಹುಣಿಸೆಯ ಮರಕ್ಕೆ ಹೋಲಿಸಬೇಕು. ರಾಗಿಯನ್ನು ಕೊಯ್ದವನು ಮರುವರ್ಷ ಬಿತ್ತುತ್ತಾನೆ. ಅಜ್ಜನು ನೆಟ್ಟ ಹುಣಿಸೆಯನ್ನು ಕಡಿದವನು ಅದರ ನೆರಳನ್ನು ತನ್ನ ಆಯುಸ್ಸಿನಲ್ಲಿ ಮತ್ತೆ ಕಾಣುವುದು ಅಪರೂಪ.

ಗುಜರಾತಿನ ವೃತ್ತಾಂತ:— ಗುಜರಾತಿನ ವೇರಾವಳ ಮೊದಲಾದ ರೇವುಗಳ ಬೆಸ್ತರು ಬೇಸಗೆಯಲ್ಲಿ ದಡದ ಸಮೀಪಕ್ಕೆ ಬರುತ್ತಿದ್ದ ಈ ಮೀನನ್ನು ಕೊಕ್ಕೆಗಳಿಂದ ಹಿಡಿದು, ಯಕೃತ್ತಿನ ಎಣ್ಣೆಯನ್ನು ಮರದ ದೋಣಿಗಳಿಗೆ ನೀರು ಹಿಡಿಯದಂತೆ ಬಳಿಯುತ್ತಿದ್ದರು. 1990 ರ ದಶಕದಲ್ಲಿ ಮಾಂಸಕ್ಕೆ ಪರದೇಶಗಳಲ್ಲಿ ಬೆಲೆ ಬಂದಿತು. ನೂರಾರು ಮೀನುಗಳು ಹತವಾದುವು. ಮೈಕ್ ಪಾಂಡೆ ಎಂಬವರು 2000 ದಲ್ಲಿ ಚಲನಚಿತ್ರದ ಮೂಲಕ ಈ ಹತ್ಯೆಯನ್ನು ಲೋಕಕ್ಕೆ ತೋರಿಸಿದರು. 2001 ರ ಮೇ ತಿಂಗಳಲ್ಲಿ ಭಾರತ ಸರ್ಕಾರವು ಈ ಮೀನನ್ನು 1972 ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಿತು.

ಆದರೆ ಕಾಯಿದೆಯ ಕಾಗದವೊಂದೇ ಕಡಲಿನಲ್ಲಿ ಕಾವಲು ಕಾಯಲಾರದು. 2004 ರಲ್ಲಿ ಗುಜರಾತಿನ ಅರಣ್ಯ ಇಲಾಖೆಯೂ ಇತರ ಸಂಸ್ಥೆಗಳೂ ಬೆಸ್ತರ ಊರುಗಳಿಗೆ ಹೋದುವು. ರಾಮಕಥೆಯ ಪ್ರವಚನಕಾರರಾದ ಮೊರಾರಿ ಬಾಪು ಅವರು ಈ ಮೀನನ್ನು ಹೆರಿಗೆಗೆಂದು ತವರಿಗೆ ಬರುವ ಮಗಳಿಗೆ ಹೋಲಿಸಿ ಉಪದೇಶಿಸಿದರು. ಬೆಸ್ತರಲ್ಲಿ ಇದಕ್ಕೆ ‘ವ್ಹಾಲಿ’, ಎಂದರೆ ಪ್ರಿಯಳು, ಎಂಬ ಹೆಸರು ನಿಂತಿತು. ಬಲೆಗೆ ಬಿದ್ದ ಮೀನನ್ನು ಬಿಡಿಸಲು ಬೆಸ್ತನು ತನ್ನ ಬಲೆಯನ್ನೇ ಕತ್ತರಿಸಬೇಕಾಗುವುದರಿಂದ ಆ ನಷ್ಟಕ್ಕೆ ಪರಿಹಾರವನ್ನೂ ಏರ್ಪಡಿಸಲಾಯಿತು. ಅಂದಿನಿಂದ 900 ಕ್ಕೂ ಹೆಚ್ಚು ಮೀನುಗಳನ್ನು ಬೆಸ್ತರೇ ಬಿಡಿಸಿ ಕಳುಹಿಸಿದ್ದಾರೆ. ಬಡವನು ಜೀವನೋಪಾಯದ ಬಲೆಯನ್ನು ತಾನೇ ಕತ್ತರಿಸುವುದು ಸಾಮಾನ್ಯ ವಿಷಯವಲ್ಲ. ಊರಿನ ಹಿರಿಯರ ಮಾತು, ಸರ್ಕಾರದ ನೆರವು, ಕಾಯಿದೆಯ ಭಯ ಈ ಮೂರೂ ಕೂಡಿದ್ದರಿಂದ ಅದು ಸಾಧ್ಯವಾಯಿತು.

ಗ್ರಾಮ ಮುಖಂಡರಿಗೆ ಸೂಚನೆ:— ಈ ಮೀನು ನಮ್ಮ ಕನ್ನಡ ಕರಾವಳಿಯ ಬಲೆಗಳಲ್ಲಿಯೂ ಆಗಾಗ್ಗೆ ಸಿಕ್ಕುವುದುಂಟು. ಆದುದರಿಂದ ಕರಾವಳಿಯ ಮುಖಂಡರು ಈ ಕೆಳಗಿನ ವಿಷಯಗಳನ್ನು ಜನರಿಗೆ ಓದಿ ಹೇಳತಕ್ಕದ್ದು.

(1) ಬಲೆಗೆ ಸಿಕ್ಕಿದ ಮೀನನ್ನು ಬಾಲಕ್ಕೆ ಹಗ್ಗ ಕಟ್ಟಿ ದಡಕ್ಕೆ ಎಳೆಯಬಾರದು. ನೀರಿನಲ್ಲಿಯೇ ಬಲೆ ಕತ್ತರಿಸಿ ಬಿಡಬೇಕು.

(2) ದಡಕ್ಕೆ ಬಂದು ಸಿಕ್ಕಿಕೊಂಡ ಮೀನಿನ ಸುತ್ತ ಜನರು ಗುಂಪುಗೂಡದಂತೆ ನೋಡಿಕೊಂಡು ಅರಣ್ಯ ಇಲಾಖೆಗೆ ಒಡನೆಯೇ ತಿಳಿಸಬೇಕು.

(3) ಇದನ್ನು ಕೊಲ್ಲುವುದೂ ಇದರ ಮಾಂಸ, ಎಣ್ಣೆ, ರೆಕ್ಕೆಗಳನ್ನು ಮಾರುವುದೂ ಅಪರಾಧ. ಮೂರು ವರ್ಷಗಳಿಗೆ ಕಡಮೆಯಿಲ್ಲದ ಸೆರೆವಾಸವೂ ಜುಲ್ಮಾನೆಯೂ ಉಂಟು.

ಒಳನಾಡಿನ ಜಮೀನುದಾರರು ಈ ಮೀನನ್ನು ಕಣ್ಣಾರೆ ಕಾಣದಿರಬಹುದು. ಆದರೂ ತಮ್ಮ ಊರಿನ ಗೋಮಾಳದಲ್ಲಿ, ಕೆರೆಯ ಏರಿಯ ಮೇಲೆ, ನಿಧಾನವಾಗಿ ಬೆಳೆದು ಬೇಗನೆ ಕಳೆದುಹೋಗುವ ವಸ್ತುಗಳು ಯಾವುವೆಂದು ಎಣಿಸಿ ನೋಡಿಕೊಂಡರೆ ಈ ಪಾಠವು ಸಾರ್ಥಕವಾಯಿತೆಂದು ಭಾವಿಸುತ್ತೇನೆ.